ಗಾಳಿಯಿಂದ ನೀರು ಹಿಡಿಯುವ ಪುಡಿಯೊಳಗೆ ಏನಿದೆ?

ದಾವಣಗೆರೆಯ ಪೈಪ್ ಅಂಗಡಿಯೊಂದರಲ್ಲಿ ನಮ್ಮ ಮಾವ ಸಿಕ್ಕಿದ್ದರು. ಹೊಳಲ್ಕೆರೆ ಕಡೆಯವರು. ಅಡಿಕೆ ತೋಟದ ಡ್ರಿಪ್ ಲೈನ್ ರಿಪೇರಿಗೆ ಸಾಮಾನು ಕೊಳ್ಳೋಕೆ ಬಂದಿದ್ದರು. ಕೌಂಟರ್ ಮೇಲೆ ಎಲ್ಬೋ, ಟೀ, ಎಂಡ್ ಕ್ಯಾಪ್‌ಗಳ ರಾಶಿ. ನನ್ನನ್ನು ಕಂಡ ಕೂಡಲೇ ಕೇಳಿದರು: “ಏನಪ್ಪಾ, ಗಾಳಿಯಿಂದ ನೀರು ತೆಗೆಯೋ ಪುಡಿ ಮಾಡಿದೋರಿಗೆ ನೊಬೆಲ್ ಕೊಟ್ಟಾರಂತೆ. ನೀನು ಕೆಮಿಸ್ಟ್ರಿ ಮೇಷ್ಟ್ರು, ಹೇಳು, ನಿಜಾನಾ?”

ನಿಜ. 2025ರ ಅಕ್ಟೋಬರ್ 8ರಂದು ರಸಾಯನಶಾಸ್ತ್ರದ ನೊಬೆಲ್ ಮೂವರಿಗೆ ಘೋಷಣೆಯಾಯಿತು. ಜಪಾನಿನ ಸುಸುಮು ಕಿಟಗಾವ, ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ರಿಚರ್ಡ್ ರಾಬ್ಸನ್, ಅಮೆರಿಕದಲ್ಲಿರುವ ಒಮರ್ ಯಾಘಿ. ಅವರು ಬೆಳೆಸಿದ ವಸ್ತುಗಳ ಹೆಸರು ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್. ಸುಮ್ನೆ ‘ಮಾಫ್’ ಅಂತಾರೆ. ಲೋಹ ಮತ್ತು ಇಂಗಾಲದ ಅಣುಗಳನ್ನು ಜೋಡಿಸಿ ಕಟ್ಟಿದ, ಒಳಗೆಲ್ಲ ಖಾಲಿ ಕೋಣೆಗಳಿರುವ ಹರಳುಗಳು ಇವು.

ಪೇಪರಿನಲ್ಲಿ ಬಂದದ್ದು ಅಷ್ಟೇ. ಆದರೆ ಲೋಹವನ್ನು ಹೀಗೆ ಲೆಕ್ಕ ಹಾಕಿ ಜೋಡಿಸೋಕೆ ಆಗೋದು ಹೇಗೆ? ಒಂದು ಲೋಹ ಚೌಕವಾಗಿ ಕೈ ಚಾಚುತ್ತದೆ, ಇನ್ನೊಂದು ಬೇರೆ ಥರ ಚಾಚುತ್ತದೆ. ಯಾಕೆ? ಅಣುವೊಂದು ಎರಡು ಲೋಹಗಳ ನಡುವೆ ಸೇತುವೆಯಾಗುವುದು ಅಂದರೇನು? ಉತ್ತರಕ್ಕೆ ಬೇಕಾದ ಸಾಮಾನೆಲ್ಲ ಆ ಕೌಂಟರ್ ಮೇಲೇ ಇತ್ತು.

ಫಿಟ್ಟಿಂಗ್ ಮತ್ತು ಪೈಪು

ಪೈಪ್ ಲೈನ್ ಎಳೆಯುವಾಗ ನಿಮಗೆ ಎರಡು ಥರದ ಸಾಮಾನು ಬೇಕು. ಒಂದು ಪೈಪು, ಇನ್ನೊಂದು ಫಿಟ್ಟಿಂಗ್. ಪೈಪಿಗೆ ಎರಡು ತುದಿ. ಅದು ಎಷ್ಟು ದೂರ ಅನ್ನುವುದನ್ನು ತೀರ್ಮಾನಿಸುತ್ತದೆ. ಯಾವ ದಿಕ್ಕಿಗೆ ಅನ್ನುವುದನ್ನು ತೀರ್ಮಾನಿಸುವುದು ಫಿಟ್ಟಿಂಗ್. ಎಲ್ಬೋ ಹಾಕಿದರೆ ಲೈನ್ ತಿರುಗುತ್ತದೆ, ಟೀ ಹಾಕಿದರೆ ಕವಲೊಡೆಯುತ್ತದೆ, ಕ್ರಾಸ್ ಹಾಕಿದರೆ ನಾಲ್ಕು ದಿಕ್ಕಿಗೆ ಹೋಗುತ್ತದೆ. ಎಂಡ್ ಕ್ಯಾಪ್ ಹಾಕಿದರೆ ಲೈನ್ ಅಲ್ಲಿಗೇ ಮುಗಿಯಿತು.

ಈ ಲೇಖನದಲ್ಲಿ ಫಿಟ್ಟಿಂಗ್ ಅಂದರೆ ಲೋಹ. ಅದರಲ್ಲೂ ಕಬ್ಬಿಣ, ಕೋಬಾಲ್ಟ್, ನಿಕ್ಕಲ್, ತಾಮ್ರದಂಥವು. ಆವರ್ತ ಕೋಷ್ಟಕದ ನಡುಭಾಗದಲ್ಲಿ ಕೂತಿರುವ ಇವುಗಳಿಗೆ ಸಂಕ್ರಮಣ ಲೋಹಗಳು ಅನ್ನುತ್ತಾರೆ. ಲೋಹದ ಪರಮಾಣು ಒಂದೆರಡು ಎಲೆಕ್ಟ್ರಾನ್ ಕಳೆದುಕೊಂಡು ಧನ ಆವೇಶ ಪಡೆದಾಗ ಅದನ್ನು ಅಯಾನು ಅನ್ನುತ್ತೇವೆ. ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಳ್ಳಲು ತಯಾರಿರುವ ಅಣುಗಳು ಈ ಅಯಾನಿನ ಸುತ್ತ ಬಂದು ಅಂಟಿಕೊಳ್ಳುತ್ತವೆ. ನೀರು, ಅಮೋನಿಯ, ಕ್ಲೋರೈಡ್, ಸಯನೈಡ್ ಎಲ್ಲಾ ಇದೇ ಗುಂಪು. ಹೀಗೆ ಅಂಟಿಕೊಳ್ಳುವ ಅಣುವಿಗೆ ಲಿಗ್ಯಾಂಡ್ ಅಂತ ಹೆಸರು. ‘ಕಟ್ಟು’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಲೋಹ ಮತ್ತು ಅದರ ಲಿಗ್ಯಾಂಡ್‌ಗಳು ಸೇರಿ ಆದದ್ದು ಕಾಂಪ್ಲೆಕ್ಸ್.

ಅಮೋನಿಯಕ್ಕೆ ಲೋಹ ಹಿಡಿಯಲು ಇರುವುದು ಒಂದೇ ಕೈ. ಅದು ಎಂಡ್ ಕ್ಯಾಪ್ ಇದ್ದಂತೆ. ಸಯನೈಡ್‌ಗೆ ಎರಡು ತುದಿ: ಒಂದು ಕಡೆ ಇಂಗಾಲ, ಇನ್ನೊಂದು ಕಡೆ ಸಾರಜನಕ. ಎರಡೂ ತುದಿಯಲ್ಲಿ ಒಂದೊಂದು ಲೋಹವನ್ನು ಹಿಡಿಯಬಲ್ಲದು. ಹೀಗೆ ಎರಡು ಅಥವಾ ಹೆಚ್ಚು ಲೋಹಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದೇ ಸೇತುವೆ ಲಿಗ್ಯಾಂಡ್, ಬ್ರಿಡ್ಜಿಂಗ್ ಲಿಗ್ಯಾಂಡ್. ಪುಸ್ತಕಗಳಲ್ಲಿ ಇದರ ಹೆಸರಿನ ಶುರುವಿನಲ್ಲಿ ‘ಮ್ಯೂ’ ಎಂಬ ಗ್ರೀಕ್ ಅಕ್ಷರ ಕಂಡರೆ ಹೆದರಬೇಡಿ. ‘ಇದು ಸೇತುವೆ’ ಅನ್ನುವ ಗುರುತು ಅಷ್ಟೇ.

ಎರಡು ಕೈ ಇದ್ದ ಮಾತ್ರಕ್ಕೆ ಸೇತುವೆ ಆಗಬೇಕೆಂದಿಲ್ಲ. ಮೆಕ್ಕೆಜೋಳಕ್ಕೆ ಹಾಕುವ ಚೀಲೇಟೆಡ್ ಜಿಂಕ್ ನೋಡಿ. ಅದರಲ್ಲಿರುವ ಇಡಿಟಿಎ ಎಂಬ ಅಣುವಿಗೆ ಆರು ಹಿಡಿತಗಳಿವೆ. ಆದರೆ ಆರನ್ನೂ ಅದು ಒಂದೇ ಲೋಹದ ಸುತ್ತ ಸುತ್ತಿಕೊಳ್ಳಬಲ್ಲದು. ಚೀಲೇಟ್ ಎಂಬ ಪದ ಬಂದದ್ದೇ ಏಡಿಯ ಕೊಂಡಿ ಎಂಬರ್ಥದ ಗ್ರೀಕ್ ಪದದಿಂದ. ಕೊಂಡಿಯೊಳಗಿನ ಸತುವು ಮಣ್ಣಿನ ಸುಣ್ಣದ ಅಂಶಕ್ಕೆ ಸುಲಭವಾಗಿ ಸಿಕ್ಕಿಹಾಕಿಕೊಳ್ಳುವುದಿಲ್ಲ, ಕರಗಿದ ಸ್ಥಿತಿಯಲ್ಲೇ ಬೇರಿನ ಹತ್ತಿರ ಹೋಗುತ್ತದೆ. ಅಂದರೆ ಚೀಲೇಟ್ ಒಂದು ಲೋಹವನ್ನು ಅಪ್ಪಿಕೊಳ್ಳುತ್ತದೆ, ಸೇತುವೆ ಎರಡನ್ನು ಜೋಡಿಸುತ್ತದೆ.

ಕೋಬಾಲ್ಟಿನ ಬಣ್ಣಗಳು ಮತ್ತು ವರ್ನರ್

ಲೋಹಕ್ಕೆ ದಿಕ್ಕುಗಳಿವೆ ಅಂತ ಮೊದಲು ಗಟ್ಟಿಯಾಗಿ ಹೇಳಿದವನು ಆಲ್‌ಫ್ರೆಡ್ ವರ್ನರ್. ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿದ್ದ. 1893ರಲ್ಲಿ ಅವನ ಮುಖ್ಯ ಪ್ರಬಂಧ ಬಂದಾಗ ವಯಸ್ಸು 26. ಆಗ ಎಕ್ಸ್-ರೇ ಇನ್ನೂ ಪತ್ತೆಯೇ ಆಗಿರಲಿಲ್ಲ. ಅಣುವಿನೊಳಗೆ ಇಣುಕಿ ನೋಡೋಕೆ ಯಾವ ದಾರಿಯೂ ಇರಲಿಲ್ಲ. ಹಾಗಿದ್ದೂ ಆಕಾರ ಹೇಳಿದ. ಹೇಗೆ ಹೇಳಿದ ಅನ್ನುವುದು ನನಗೆ ಇಡೀ ರಸಾಯನಶಾಸ್ತ್ರದಲ್ಲೇ ಇಷ್ಟವಾದ ಕಥೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೋಬಾಲ್ಟ್ ಕ್ಲೋರೈಡ್ ಮತ್ತು ಅಮೋನಿಯ ಸೇರಿಸಿದರೆ ಹಲವು ಲವಣಗಳು ಸಿಗುತ್ತವೆ. ಎಲ್ಲದರಲ್ಲೂ ಒಂದು ಕೋಬಾಲ್ಟಿಗೆ ಮೂರು ಕ್ಲೋರಿನ್. ಅಮೋನಿಯ ಮಾತ್ರ ಬೇರೆ ಬೇರೆ. ಆರು ಅಮೋನಿಯ ಇದ್ದರೆ ಹಳದಿ, ಐದಿದ್ದರೆ ನೇರಳೆಗೆಂಪು, ನಾಲ್ಕಿದ್ದರೆ ಹಸಿರು. ಇವುಗಳ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಹಾಕಿದರೆ, ಬಿಡುವಾಗಿ ಓಡಾಡುತ್ತಿರುವ ಕ್ಲೋರೈಡ್ ಮಾತ್ರ ಬಿಳಿಯಾಗಿ ತಳಕ್ಕೆ ಕೂರುತ್ತದೆ. ಹಳದಿಯಲ್ಲಿ ಮೂರೂ ಕೂತವು. ನೇರಳೆಗೆಂಪಿನಲ್ಲಿ ಎರಡೇ. ಹಸಿರಿನಲ್ಲಿ ಒಂದೇ.

ಉಳಿದ ಕ್ಲೋರೈಡ್ ಎಲ್ಲಿ ಹೋಯಿತು? ವರ್ನರ್ ಲೆಕ್ಕ ಹಾಕಿದ. ಐದು ಅಮೋನಿಯ ಇದ್ದಾಗ ಒಂದು ಕ್ಲೋರೈಡ್ ಕಾಣೆ, ನಾಲ್ಕಿದ್ದಾಗ ಎರಡು ಕಾಣೆ. ಕಾಣೆಯಾದದ್ದನ್ನೂ ಅಮೋನಿಯವನ್ನೂ ಕೂಡಿಸಿದರೆ ಯಾವಾಗಲೂ ಆರು. ಅಂದರೆ ಕೋಬಾಲ್ಟಿನ ಮೈಗೆ ಅಂಟಿ ಕೂರಲು ಆರೇ ಜಾಗ. ಅಮೋನಿಯ ಬಿಟ್ಟ ಜಾಗಕ್ಕೆ ಕ್ಲೋರೈಡ್ ಬಂದು ಕೂತಿದೆ. ಕೂತದ್ದು ಸಿಲ್ವರ್ ಕರೆದರೂ ಎದ್ದು ಬರುವುದಿಲ್ಲ.

ಸರಿ, ಆರು ಜಾಗ ಅಂತ ಗೊತ್ತಾಯಿತು. ಆ ಆರು ಯಾವ ಆಕಾರದಲ್ಲಿವೆ? ಒಂದು ಬಳೆಯ ಮೇಲೆ ಆರು ಮಣಿ ಪೋಣಿಸಿದಂತೆ ಇರಬಹುದು. ತ್ರಿಕೋನದ ಡಬ್ಬಿಯ ಆರು ಮೂಲೆಗಳಂತೆ ಇರಬಹುದು. ಅಥವಾ ನಾಲ್ಕು ದಿಕ್ಕಿಗೆ ನಾಲ್ಕು, ಮೇಲೊಂದು, ಕೆಳಗೊಂದು ಇರಬಹುದು. ಈ ಕೊನೆಯದೇ ಅಷ್ಟಮುಖಿ, ಆಕ್ಟಾಹೆಡ್ರಲ್. ಈಗ ನಾಲ್ಕು ಅಮೋನಿಯ, ಎರಡು ಕ್ಲೋರೈಡ್ ಇರುವ ಲವಣ ತಗೊಳ್ಳಿ. ಎರಡು ಕ್ಲೋರೈಡನ್ನು ಎಷ್ಟು ಬೇರೆ ಬೇರೆ ರೀತಿಯಲ್ಲಿ ಕೂರಿಸಬಹುದು? ಬಳೆಯಲ್ಲಿ ಮೂರು ರೀತಿ. ಡಬ್ಬಿಯಲ್ಲೂ ಮೂರು. ಅಷ್ಟಮುಖಿಯಲ್ಲಿ ಎರಡೇ: ಅಕ್ಕಪಕ್ಕ, ಇಲ್ಲವೇ ಎದುರುಬದುರು.

ಹಸಿರು ಲವಣ ಆಗಲೇ ಕೈಯಲ್ಲಿತ್ತು. ಮುಂದೆ ನೇರಳೆ ಬಣ್ಣದ ಇನ್ನೊಂದು ರೂಪವೂ ಸಿಕ್ಕಿತು. ಮೂರನೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ. ಹಾಗಾಗಿ ಅಷ್ಟಮುಖಿಯೇ ಸರಿ. ಬಣ್ಣ ನೋಡಿ, ಎಣಿಸಿ, ಕಣ್ಣಿಗೆ ಕಾಣದ್ದರ ಆಕಾರ ಹೇಳಿದ್ದ! ಡೆನ್ಮಾರ್ಕಿನ ಯೋರ್ಗೆನ್‌ಸನ್ ಎಂಬ ಹಿರಿಯ ವಿಜ್ಞಾನಿ ಒಪ್ಪಲಿಲ್ಲ. ಅಮೋನಿಯಗಳು ಸರಪಳಿಯಂತೆ ಒಂದಕ್ಕೊಂದು ಜೋತುಬಿದ್ದಿವೆ ಎನ್ನುವುದು ಅವರ ವಾದ. ವರ್ಷಗಟ್ಟಲೆ ಜಗ್ಗಾಟ ನಡೆಯಿತು. ವರ್ನರ್‌ಗೆ 1913ರಲ್ಲಿ ನೊಬೆಲ್ ಬಂತು.

ಮರುವರ್ಷ ಅವನು ಮಾಡಿದ ಕೆಲಸ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಹೆಕ್ಸಾಲ್ ಎಂಬ ಕಾಂಪ್ಲೆಕ್ಸ್. ನಡುವೆ ಒಂದು ಕೋಬಾಲ್ಟ್, ಅದರ ಸುತ್ತ ಮೂರು ಕೋಬಾಲ್ಟ್. ನಡುವಿನದಕ್ಕೂ ಸುತ್ತಲಿನ ಒಂದೊಂದಕ್ಕೂ ಎರಡೆರಡು ಹೈಡ್ರಾಕ್ಸೈಡ್ ಸೇತುವೆ. ಒಟ್ಟು ಆರು ಸೇತುವೆ. ಇದರಲ್ಲಿ ಇಂಗಾಲದ ಒಂದು ಪರಮಾಣುವೂ ಇಲ್ಲ. ಆದರೂ ಎಡಗೈ ಬಲಗೈಯಂತೆ ಎರಡು ರೂಪದಲ್ಲಿ ಸಿಗುತ್ತದೆ. ಆ ಎಡ-ಬಲ ಗುಣ ಇಂಗಾಲದಿಂದಲೇ ಬರುತ್ತದೆ ಎಂದು ವಾದಿಸುತ್ತಿದ್ದವರ ಬಾಯಿ ಅಲ್ಲಿಗೆ ಮುಚ್ಚಿತು.

ಆರು ಯಾಕೆ, ನಾಲ್ಕು ಯಾಕೆ?

ಮೊದಲ ಕಾರಣ ಜಾಗ. ಮನೆಯಲ್ಲಿ ನಾಲ್ಕು ನಿಂಬೆಹಣ್ಣು ತಗೊಳ್ಳಿ. ಮೂರನ್ನು ಒತ್ತಾಗಿ ಇಟ್ಟು ಮೇಲೊಂದು ಕೂರಿಸಿ. ನಡುವಿನ ಸಂದಿಯಲ್ಲಿ ಹೆಚ್ಚೆಂದರೆ ಒಂದು ಬಟಾಣಿ ಹಿಡಿಯುತ್ತದೆ. ಈಗ ನಾಲ್ಕನ್ನು ಚೌಕವಾಗಿ ಇಟ್ಟು, ಮೇಲೊಂದು ಕೆಳಗೊಂದು ಸೇರಿಸಿ. ಈ ಸಂದಿ ದೊಡ್ಡದು, ಗೋಲಿ ಹಿಡಿಯುತ್ತದೆ. ಲೋಹದ ಅಯಾನು ಚಿಕ್ಕದಾದರೆ, ಲಿಗ್ಯಾಂಡ್ ದಪ್ಪಗಿದ್ದರೆ ಸುತ್ತ ನಾಲ್ಕೇ ಹಿಡಿಸುತ್ತವೆ. ಜಾಗವಿದ್ದರೆ ಆರು. ಲಿಗ್ಯಾಂಡ್‌ಗಳ ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುವುದರಿಂದ ಅವು ಆದಷ್ಟೂ ದೂರ ದೂರ ಕೂರುತ್ತವೆ. ನಾಲ್ಕು ಹೀಗೆ ದೂರವಾದರೆ ಬರುವ ಆಕಾರ ಚತುರ್ಮುಖಿ, ಟೆಟ್ರಾಹೆಡ್ರಲ್: ಮೂರು ಕಾಲಿನ ಸ್ಟೂಲಿಗೆ ಮೇಲೊಂದು ಕೋಲು ನೆಟ್ಟಂತೆ.

ಪಿಯುಸಿ ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕೋಬಾಲ್ಟ್ ಕ್ಲೋರೈಡನ್ನು ನೀರಿನಲ್ಲಿ ಕರಗಿಸಿದರೆ ಗುಲಾಬಿ. ಕೋಬಾಲ್ಟಿನ ಸುತ್ತ ಆರು ನೀರು. ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸುರಿದು ಬಿಸಿ ಮಾಡಿದರೆ ಕಡುನೀಲಿ. ಈಗ ಸುತ್ತ ನಾಲ್ಕೇ ಕ್ಲೋರೈಡ್. ಕ್ಲೋರೈಡ್ ದಪ್ಪ, ಜಾಗ ಸಾಲದು. ಐಸ್‌ನಲ್ಲಿಟ್ಟರೆ ಮತ್ತೆ ಗುಲಾಬಿ. ಆಕಾರ ಬದಲಾದದ್ದು ಬಣ್ಣದಲ್ಲಿ ಕಾಣುತ್ತದೆ. ನನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರೂ ಎದ್ದು ಮುಂದೆ ಬರುವ ಪ್ರಯೋಗ ಇದೊಂದೇ.

ಎರಡನೇ ಕಾರಣ ಲೋಹದ ಸ್ವಂತ ಸ್ವಭಾವ. ಸಂಕ್ರಮಣ ಲೋಹಗಳ ಹೊರಭಾಗದಲ್ಲಿ ಡಿ-ಆರ್ಬಿಟಲ್ ಎಂಬ ಐದು ಮನೆಗಳಿವೆ. ಒಂದೊಂದರಲ್ಲಿ ಎರಡು ಎಲೆಕ್ಟ್ರಾನ್, ಒಟ್ಟು ಹತ್ತು ಹಿಡಿಸುತ್ತವೆ. ಎರಡು ಧನ ಆವೇಶದ ಸತುವಿನಲ್ಲಿ ಹತ್ತೂ ಭರ್ತಿ. ಎಲ್ಲಾ ದಿಕ್ಕೂ ಅದಕ್ಕೆ ಒಂದೇ. ಹಾಗಾಗಿ ಸುತ್ತಲಿನವರ ಗಾತ್ರ ನೋಡಿಕೊಂಡು ಹೊಂದಿಕೊಳ್ಳುತ್ತದೆ, ಬಹಳ ಸಲ ಚತುರ್ಮುಖಿಯಾಗುತ್ತದೆ. ಆವರ್ತ ಕೋಷ್ಟಕದಲ್ಲಿ ಅದರ ಪಕ್ಕದ ಮನೆಯ ತಾಮ್ರದಲ್ಲಿ ಒಂಬತ್ತು. ಒಂದು ಕಡಿಮೆ. ಈ ಒಂದರಿಂದಾಗಿ ಅದರ ಅಷ್ಟಮುಖಿ ಸೊಟ್ಟ. ಸುತ್ತಲಿನ ನಾಲ್ಕು ಲಿಗ್ಯಾಂಡ್ ಹತ್ತಿರ, ಮೇಲೆ ಕೆಳಗಿನ ಎರಡು ದೂರ. ಹೀಗೆ ಯಾಕೆ ಆಗುತ್ತದೆ ಎಂಬ ನಿಯಮವನ್ನು 1937ರಲ್ಲಿ ಯಾನ್ ಮತ್ತು ಟೆಲ್ಲರ್ ಎಂಬ ವಿಜ್ಞಾನಿಗಳು ಕೊಟ್ಟರು. ಇನ್ನೊಂದು ಮನೆ ಆಚೆ ನಿಕ್ಕಲ್, ಎಂಟು ಎಲೆಕ್ಟ್ರಾನ್. ನೀರಿನ ಜೊತೆ ಅದು ಹಸಿರು ಅಷ್ಟಮುಖಿ. ಸಯನೈಡಿನಂಥ ಬಲವಾದ ಲಿಗ್ಯಾಂಡ್ ಬಂದರೆ ಮೇಲಿನ ಕೆಳಗಿನ ಸಂಬಂಧವನ್ನೇ ಬಿಟ್ಟು ಚಪ್ಪಟೆ ಚೌಕವಾಗುತ್ತದೆ.

ಪ್ಲಾಟಿನಂ ಕೂಡ ಚಪ್ಪಟೆ ಚೌಕದ ಗುಂಪಿನದೇ. ಎರಡು ಅಮೋನಿಯ, ಎರಡು ಕ್ಲೋರೈಡ್ ಇರುವ ಪ್ಲಾಟಿನಂ ಕಾಂಪ್ಲೆಕ್ಸ್ ಎರಡು ರೂಪದಲ್ಲಿದೆ. ಕ್ಲೋರೈಡ್‌ಗಳು ಅಕ್ಕಪಕ್ಕ ಇದ್ದರೆ ಅದು ಸಿಸ್‌ಪ್ಲಾಟಿನ್, ಅಮೆರಿಕದಲ್ಲಿ 1978ರಲ್ಲಿ ಮಂಜೂರಾದ ಕ್ಯಾನ್ಸರ್ ಔಷಧ. ಎದುರುಬದುರು ಇದ್ದರೆ ಔಷಧಿಗೆ ಬರುವುದಿಲ್ಲ. ಸಾಮಾನು ಅದೇ, ಕೂತ ಜಾಗ ಮಾತ್ರ ಬೇರೆ.

ಸೇತುವೆಗಳಲ್ಲಿ ಎಷ್ಟು ಬಗೆ

ಅತಿ ಗಿಡ್ಡ ಸೇತುವೆ ಅಂದರೆ ಒಂದೇ ಪರಮಾಣು. ತುಕ್ಕಿನಲ್ಲಿ ಆಕ್ಸಿಜನ್ ಒಂದೊಂದೂ ಅಕ್ಕಪಕ್ಕದ ಹಲವು ಕಬ್ಬಿಣಗಳಿಗೆ ಸೇತುವೆ. ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿ ಇತ್ತಲ್ಲ, ಅಲ್ಲಿಯ ಅದಿರಿನಲ್ಲಿ ಹಿತ್ತಾಳೆ ಬಣ್ಣದ ಚಾಲ್ಕೊಪೈರೈಟ್ ಎಂಬ ಖನಿಜ ಇತ್ತು. ಅದರಲ್ಲಿ ಪ್ರತಿ ತಾಮ್ರದ ಸುತ್ತ ಚತುರ್ಮುಖಿಯಾಗಿ ನಾಲ್ಕು ಗಂಧಕ. ಪ್ರತಿ ಗಂಧಕ ಎರಡು ತಾಮ್ರವನ್ನೂ ಎರಡು ಕಬ್ಬಿಣವನ್ನೂ ಹಿಡಿದಿದೆ. ಕೈ ಕೈ ಹಿಡಿದು ಇಡೀ ಬಂಡೆ ತುಂಬಾ ಹಬ್ಬಿದ ಬಲೆ. ಇಂಥಲ್ಲಿ ಖಾಲಿ ಜಾಗ ಇರುವುದಿಲ್ಲ. ಸೇತುವೆ ತೀರಾ ಗಿಡ್ಡ.

ಸಯನೈಡ್ ಸ್ವಲ್ಪ ಉದ್ದ, ಮತ್ತು ನೆಟ್ಟಗಿರುತ್ತದೆ. 1700ರ ಆಸುಪಾಸು ಬರ್ಲಿನ್‌ನಲ್ಲಿ ಸಿಕ್ಕ ಪ್ರಷ್ಯನ್ ನೀಲಿ ಬಣ್ಣ ಇದರದ್ದೇ ಕಟ್ಟಡ. ಕಬ್ಬಿಣ ಅಷ್ಟಮುಖಿ ಫಿಟ್ಟಿಂಗ್, ಸಯನೈಡ್ ನೇರ ಪೈಪು. ಆರು ದಿಕ್ಕಿಗೂ ನೇರವಾಗಿ ಜೋಡಿಸುತ್ತಾ ಹೋದರೆ ಏನು ಬರುತ್ತದೆ? ಚೌಕಾಕಾರದ ಪಂಜರಗಳು. ಒಂದೊಂದರ ಬದಿ ಮಿಲಿಮೀಟರಿನ 20 ಲಕ್ಷದಲ್ಲಿ ಒಂದು ಭಾಗದಷ್ಟು. ಸೀಸಿಯಂ ಅಯಾನು ಅದರೊಳಗೆ ಸರಿಯಾಗಿ ಹೊಂದಿಕೊಂಡು ಕೂರುತ್ತದೆ. ಅದಕ್ಕೇ ವಿಕಿರಣ ಸೂಸುವ ಸೀಸಿಯಂ ಮೈಯೊಳಗೆ ಹೋದವರಿಗೆ ಪ್ರಷ್ಯನ್ ನೀಲಿಯ ಕ್ಯಾಪ್ಸೂಲ್ ನುಂಗಿಸುತ್ತಾರೆ. ಕರುಳಿನಲ್ಲೇ ಅದನ್ನು ಹಿಡಿದು ಹೊರಗೆ ಸಾಗಿಸುತ್ತದೆ.

ಮೂರನೇ ಬಗೆ ಕಾರ್ಬಾಕ್ಸಿಲೇಟ್. ವಿನೆಗರ್‌ನಲ್ಲಿರುವ ಅಸಿಟೇಟ್ ಇದರ ಸಾದಾ ಉದಾಹರಣೆ. ಒಂದು ಇಂಗಾಲಕ್ಕೆ ಎರಡು ಆಕ್ಸಿಜನ್, ಇಕ್ಕಳದ ಎರಡು ಬಾಯಿಯಂತೆ. ತಾಮ್ರದ ಪಾತ್ರೆಗೆ ವಿನೆಗರ್ ತಾಗಿ ಹಸಿರು ನೀಲಿ ಕಿಲುಬು ಬರುತ್ತದಲ್ಲ, ಅದರಲ್ಲಿ ಕಾಪರ್ ಅಸಿಟೇಟ್ ಇರುತ್ತದೆ. ಅದರ ಹರಳಿನಲ್ಲಿ ಎರಡು ತಾಮ್ರ ಒಂದರ ಮೇಲೊಂದು ನಿಂತಿರುತ್ತವೆ. ನಾಲ್ಕು ಅಸಿಟೇಟ್‌ಗಳು ನಾಲ್ಕು ಬದಿಯಿಂದ ಎರಡನ್ನೂ ಕಚ್ಚಿ ಹಿಡಿದಿರುತ್ತವೆ. ಮೇಲಿನಿಂದ ನೋಡಿದರೆ ನಾಲ್ಕು ರೆಕ್ಕೆಯ ಫ್ಯಾನ್. (ಚಿತ್ರದುರ್ಗದ ಗುಡ್ಡದ ಗಾಳಿಯಂತ್ರಕ್ಕೆ ಮೂರೇ ರೆಕ್ಕೆ, ಆದರೂ ಚಿತ್ರ ಮನಸ್ಸಿಗೆ ಬರುತ್ತದೆ.) ಎರಡೂ ತಾಮ್ರಗಳು ಒಂದೊಂದು ಪುಟ್ಟ ಅಯಸ್ಕಾಂತವಾಗಬೇಕಿತ್ತು. ಆದರೆ ಸೇತುವೆ ಮೂಲಕ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿ, ಎರಡೂ ಎದುರು ದಿಕ್ಕಿಗೆ ತಿರುಗಿ, ಕಾಂತಗುಣ ಬಹಳ ಮಟ್ಟಿಗೆ ಅಡಗಿಬಿಡುತ್ತದೆ.

ಸೇತುವೆ ಬರೀ ಕಂಬವಲ್ಲ, ಅದರ ಮೇಲೆ ಸಂಚಾರವೂ ಇದೆ. ಹೆನ್ರಿ ಟೌಬೆ ಎಂಬ ವಿಜ್ಞಾನಿ ಇದನ್ನು 1950ರ ದಶಕದಲ್ಲಿ ಚೆಂದವಾಗಿ ತೋರಿಸಿದರು. ಕ್ರೋಮಿಯಂನಿಂದ ಕೋಬಾಲ್ಟಿಗೆ ಒಂದು ಎಲೆಕ್ಟ್ರಾನ್ ಹೋಗಬೇಕು. ಕೋಬಾಲ್ಟಿನ ಮೇಲೆ ಒಂದು ಕ್ಲೋರೈಡ್ ಕೂತಿದೆ. ಕ್ರೋಮಿಯಂ ಬಂದು ಆ ಕ್ಲೋರೈಡಿನ ಇನ್ನೊಂದು ಬದಿ ಹಿಡಿಯುತ್ತದೆ. ಕ್ಷಣಕಾಲ ಸೇತುವೆ. ಎಲೆಕ್ಟ್ರಾನ್ ದಾಟುತ್ತದೆ. ಆಮೇಲೆ ಸೇತುವೆ ಮುರಿಯುತ್ತದೆ, ಆದರೆ ಈ ಸಲ ಕ್ಲೋರೈಡ್ ಕ್ರೋಮಿಯಂ ಜೊತೆ ಹೋಗಿಬಿಡುತ್ತದೆ. ಕೊನೆಗೆ ಕ್ಲೋರೈಡ್ ಯಾರ ಹತ್ತಿರ ಸಿಕ್ಕಿತು ಎಂದು ನೋಡಿದ್ದಕ್ಕೇ ಸೇತುವೆ ಇತ್ತು ಅಂತ ಪತ್ತೆಯಾಯಿತು. 1983ರ ನೊಬೆಲ್ ಅವರದು.

ಏಡಿಯ ರಕ್ತದಲ್ಲೂ ಸೇತುವೆ ಇದೆ. ನಮ್ಮ ಹಿಮೋಗ್ಲೋಬಿನ್‌ನಲ್ಲಿ ಒಂದು ಕಬ್ಬಿಣ ಒಂದು ಆಕ್ಸಿಜನ್ ಅಣುವನ್ನು ಹಿಡಿದರೆ, ಏಡಿಯಲ್ಲಿ ಎರಡು ತಾಮ್ರಗಳ ನಡುವೆ ಆಕ್ಸಿಜನ್ ಸೇತುವೆಯಾಗಿ ಕೂರುತ್ತದೆ. ಆಗ ರಕ್ತ ನೀಲಿ.

ಮರದ ಚೆಂಡಿನ ತೂತುಗಳು

ಈಗ ನೊಬೆಲ್ ಕಥೆಗೆ ಬರೋಣ. 1974ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ರಾಬ್ಸನ್ ಪಾಠ ಮಾಡುತ್ತಿದ್ದರು. ಅಣುಗಳ ಮಾದರಿ ಮಾಡಲು ಮರದ ಚೆಂಡು, ಕಡ್ಡಿ ಬೇಕಿತ್ತು. ಚೆಂಡಿಗೆ ತೂತು ಕೊರೆಯುವ ಕೆಲಸ ವರ್ಕ್‌ಶಾಪಿನದು. ಆದರೆ ಎಲ್ಲೆಲ್ಲೋ ಕೊರೆಯುವಂತಿಲ್ಲ. ಇಂಗಾಲದ ತೂತು ಬೇರೆ ಕಡೆ, ಸಾರಜನಕದ್ದು ಬೇರೆ ಕಡೆ. ಅವರು ಗುರುತು ಹಾಕಿ ಕೊಟ್ಟರು. ಚೆಂಡುಗಳು ಬಂದ ಮೇಲೆ ಜೋಡಿಸುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಮಾದರಿ ತಾನಾಗಿಯೇ ಸರಿಯಾದ ಆಕಾರಕ್ಕೆ ಬರುತ್ತಿದೆ. ಮಾಹಿತಿಯೆಲ್ಲ ತೂತಿನ ಜಾಗದಲ್ಲೇ ಅಡಗಿದೆ.

ಹಾಗಾದರೆ ಚೆಂಡಿನ ಬದಲು ಲೋಹ, ಕಡ್ಡಿಯ ಬದಲು ಎರಡು ತುದಿಯ ಅಣು ಇಟ್ಟರೆ? ಇದನ್ನು ಮಾಡಿ ನೋಡುವ ಹೊತ್ತಿಗೆ ಹತ್ತು ವರ್ಷಕ್ಕೂ ಜಾಸ್ತಿ ಕಳೆದಿತ್ತು. ಒಂದು ಧನ ಆವೇಶದ ತಾಮ್ರ ಚತುರ್ಮುಖಿ ಇಷ್ಟಪಡುತ್ತದೆ. ಅದಕ್ಕೆ ನಾಲ್ಕು ತೋಳಿನ ಒಂದು ಅಣು ಜೋಡಿಸಿದರು. ಎರಡೂ ಚತುರ್ಮುಖಿ. ವಜ್ರದಲ್ಲಿ ಇಂಗಾಲಗಳು ಕೂತ ರೀತಿಯೂ ಇದೇ. ಬೆರೆಸಿಟ್ಟರೆ ವಜ್ರದ ವಿನ್ಯಾಸದ ಹರಳು ತಾನಾಗಿ ಬೆಳೆಯಿತು. ತೋಳು ಉದ್ದವಾದ್ದರಿಂದ ಒಳಗೆ ದೊಡ್ಡ ದೊಡ್ಡ ಖಾಲಿ ಜಾಗ. ಅದು 1989. ಆದರೆ ಹರಳು ಬಹಳ ನಾಜೂಕು, ಬೇಗ ಕುಸಿಯುತ್ತಿತ್ತು.

1997ರಲ್ಲಿ ಕಿಟಗಾವ ಅವರ ತಂಡ ಕೋಬಾಲ್ಟ್, ನಿಕ್ಕಲ್, ಸತುವುಗಳನ್ನು ಬೈಪಿರಿಡೀನ್ ಎಂಬ ನೆಟ್ಟನೆಯ ಸೇತುವೆಯಿಂದ ಜೋಡಿಸಿತು. ಒಳಗಿನ ನೀರು ಒಣಗಿಸಿದರೂ ಕಟ್ಟಡ ನಿಂತಿತು. ಮೀಥೇನ್, ಸಾರಜನಕ, ಆಕ್ಸಿಜನ್ ಅದರೊಳಗೆ ಹೋಗಿ ಬಂದವು.

ಯಾಘಿ ಹಿಡಿದ ದಾರಿ ಇನ್ನೂ ಗಟ್ಟಿ. ಒಂದೇ ಲೋಹದ ಫಿಟ್ಟಿಂಗ್ ಬದಲು ಲೋಹಗಳ ಗೊಂಚಲನ್ನೇ ಫಿಟ್ಟಿಂಗ್ ಮಾಡಿದರು. 1999ರ ಮಾಫ್-5ರಲ್ಲಿ ಒಂದು ಆಕ್ಸಿಜನ್ ಸುತ್ತ ನಾಲ್ಕು ಸತುವು. ಸತುವು ಒಂದೊಂದೂ ಚತುರ್ಮುಖಿ. ಈ ಗೊಂಚಲಿಗೆ ಆರು ಕಾರ್ಬಾಕ್ಸಿಲೇಟ್ ಇಕ್ಕಳಗಳು ಕಚ್ಚುತ್ತವೆ, ಅಷ್ಟಮುಖಿಯಾಗಿ. ಹಾಗಾಗಿ ಗೊಂಚಲು ಆರು ದಿಕ್ಕಿನ ಫಿಟ್ಟಿಂಗ್ ಆಯಿತು. ನಡುವಿನ ಪೈಪು ಯಾವುದು ಗೊತ್ತಾ? ಟೆರಿಫ್ತಾಲಿಕ್ ಆಮ್ಲ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿಗೂ ಪಾಲಿಯೆಸ್ಟರ್ ಬಟ್ಟೆಗೂ ಬಳಸುವ ಅದೇ ಸಾಮಾನು. ಈ ಹರಳನ್ನು ಒಳಗೆ ಖಾಲಿ ಇದ್ದಾಗಲೂ 300 ಡಿಗ್ರಿಗೆ ಕಾಯಿಸಬಹುದು, ಬೀಳುವುದಿಲ್ಲ. 2002ರಲ್ಲಿ ಅದೇ ಫಿಟ್ಟಿಂಗ್ ಇಟ್ಟುಕೊಂಡು ಪೈಪ್ ಮಾತ್ರ ಬದಲಿಸಿ 16 ಹರಳುಗಳನ್ನು ಮಾಡಿದರು. ವಿನ್ಯಾಸ ಒಂದೇ, ಕೋಣೆಗಳ ಅಳತೆ ಬೇರೆ ಬೇರೆ. ಲೋಹ ದಿಕ್ಕು ಕೊಡುತ್ತದೆ, ಸೇತುವೆ ದೂರ ಕೊಡುತ್ತದೆ ಎಂದು ಮೊದಲು ಹೇಳಿದ್ದು ಇದನ್ನೇ. ಹಾಂಗ್‌ಕಾಂಗ್‌ನಲ್ಲಿ 1999ರಲ್ಲೇ ನಾಲ್ಕು ರೆಕ್ಕೆಯ ತಾಮ್ರದ ಫ್ಯಾನನ್ನು ಫಿಟ್ಟಿಂಗ್ ಮಾಡಿ ಇನ್ನೊಂದು ಮಾಫ್ ಕಟ್ಟಿದರು.

ಮಂಡಕ್ಕಿಯಲ್ಲೂ ಒಳಗೆ ತೂತು ಇರುತ್ತದಲ್ಲ ಅಂತ ನೀವು ಕೇಳಬಹುದು. ದಾವಣಗೆರೆಯವರಿಗೆ ಹೇಳಿಕೊಡಬೇಕೇ? ಮಂಡಕ್ಕಿ ಹಗುರವಾಗಿರುವುದೂ, ನೀರು ಕಂಡ ಕೂಡಲೇ ಹೀರುವುದೂ ತೂತಿನಿಂದಲೇ. ಆದರೆ ಅದರ ತೂತು ಒಂದು ದೊಡ್ಡದು, ಒಂದು ಸಣ್ಣದು. ಮಾಫ್‌ನಲ್ಲಿ ಕೋಟಿ ಕೋಟಿ ಕೋಣೆಗಳಿದ್ದರೂ ಎಲ್ಲದಕ್ಕೂ ಅಳತೆ ಗೊತ್ತು. ಯಾವ ಅಣು ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಎಂದು ಮೊದಲೇ ಹೇಳಬಹುದು. ಒಳಗೋಡೆಗಳ ವಿಸ್ತೀರ್ಣವನ್ನು ಹರಡಿದರೆ ಒಂದು ಗ್ರಾಂ ಮಾಫ್-5ರಲ್ಲಿ 2000 ಚದರ ಮೀಟರಿಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ 20 ಗುಂಟೆ ಬರೋಬ್ಬರಿ. ಎರಡು ಗ್ರಾಂ ಪುಡಿಯಲ್ಲಿ ಒಂದು ಎಕರೆ!

ಹಾಗಾದರೆ ನೀರು?

ಯಾಘಿ ಹುಟ್ಟಿ ಬೆಳೆದದ್ದು ಜೋರ್ಡನ್‌ನ ಅಮ್ಮಾನಿನಲ್ಲಿ. ಒಂದೇ ಕೋಣೆಯ ಮನೆ, ಕರೆಂಟಿಲ್ಲ, ನಲ್ಲಿ ನೀರಿಲ್ಲ. ಅವರು ನೀರಿನ ಬೆನ್ನು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ, ಅಲ್ವಾ?

ಒಣ ಗಾಳಿಯಲ್ಲೂ ನೀರಿನ ಆವಿ ಇರುತ್ತದೆ. ರಾತ್ರಿ ತಂಪಿನಲ್ಲಿ ಆ ಆವಿ ಮಾಫ್‌ನ ಕೋಣೆಗಳಿಗೆ ನುಗ್ಗಿ ಗೋಡೆಗೆ ಅಂಟುತ್ತದೆ. ಹಗಲು ಬಿಸಿಲು ಬಿದ್ದಾಗ ಬಿಟ್ಟು ಹೊರಬರುತ್ತದೆ. ಹಾಗೆ ಬಂದ ಆವಿಯನ್ನು ಮುಚ್ಚಿದ ಡಬ್ಬಿಯಲ್ಲಿ ತಂಪಾಗಿಸಿದರೆ ಹನಿ. ಕೋಣೆಯ ಅಳತೆ ಇಲ್ಲಿ ಬಹಳ ಮುಖ್ಯ. ಅಂಟು ಜಾಸ್ತಿಯಾದರೆ ನೀರು ಬಿಟ್ಟು ಬರುವುದಿಲ್ಲ, ಕಡಿಮೆಯಾದರೆ ಹಿಡಿಯುವುದೇ ಇಲ್ಲ. 2017ರಲ್ಲಿ ಯಾಘಿ ಮತ್ತು ಜೊತೆಗಾರರು ಜಿರ್ಕೋನಿಯಂ ಗೊಂಚಲುಗಳನ್ನು ಫ್ಯೂಮರೇಟ್ ಸೇತುವೆಯಿಂದ ಜೋಡಿಸಿದ ಮಾಫ್-801 ಬಳಸಿದರು. ಗಾಳಿಯ ತೇವಾಂಶ ಬರೀ ಶೇ. 20 ಇದ್ದರೂ ಒಂದು ಕಿಲೋ ಪುಡಿ ದಿನಕ್ಕೆ 2.8 ಲೀಟರ್ ನೀರು ಹಿಡಿಯಬಲ್ಲದು ಎಂಬ ಲೆಕ್ಕ ಕೊಟ್ಟರು. ಆಮೇಲೆ ಅಲ್ಯೂಮಿನಿಯಂನ ಮಾಫ್-303 ಬಂತು. ಅಲ್ಯೂಮಿನಿಯಂ ಸಂಕ್ರಮಣ ಲೋಹವಲ್ಲ, ಆದರೆ ಅಷ್ಟಮುಖಿ ಫಿಟ್ಟಿಂಗ್ ಆಗಲು ಅದಕ್ಕೂ ಬರುತ್ತದೆ. ಅಮೆರಿಕದ ಡೆತ್ ವ್ಯಾಲಿ ಎಂಬ ಮರುಭೂಮಿಯಲ್ಲಿ ಅದನ್ನು ಪರೀಕ್ಷೆ ಮಾಡಿದ್ದಾರೆ.

ಎಲ್ಲಾ ಮಾಫ್ ನೀರಿಗೆ ಆಗುವುದಿಲ್ಲ. ಹೆಸರುವಾಸಿಯಾದ ಮಾಫ್-5 ತೇವದ ಗಾಳಿ ತಾಗಿದರೇ ಹಾಳಾಗುತ್ತದೆ. ಸತುವಿನ ಮೇಲೆ ಸೇತುವೆ ಕೂತ ಜಾಗಕ್ಕೆ ನೀರು ತಾನೇ ಬಂದು ಕೂರುತ್ತದೆ, ಕಟ್ಟಡ ಸಡಿಲವಾಗುತ್ತದೆ. ವರ್ನರ್ ಕಂಡದ್ದೇ, ಒಬ್ಬರು ಎದ್ದರೆ ಇನ್ನೊಬ್ಬರು. ಜಿರ್ಕೋನಿಯಂ ಆಕ್ಸಿಜನ್ನನ್ನು ಬಹಳ ಬಿಗಿಯಾಗಿ ಹಿಡಿಯುವುದರಿಂದ ಅದು ತಡೆಯುತ್ತದೆ.

ಮಾವನಿಗೆ 2.8 ಲೀಟರ್ ಅಂದೆ. “ಒಂದು ಅಡಿಕೆ ಮರಕ್ಕೂ ಸಾಲಲ್ಲ,” ಅಂದರು. ಕುಡಿಯೋಕೆ ಅಂತ ಮಾಡಿದ್ದು, ತೋಟಕ್ಕಲ್ಲ ಅಂದೆ. “ಹಂಗಾದ್ರೆ ನಮ್ಮತ್ರ ಇಂಥಾದ್ದು ಏನೂ ಇಲ್ಲ ಬಿಡು.”

ಇದೆ. ಬೋರ್ಡೋ ದ್ರಾವಣಕ್ಕೆ ಅಂತ ಅವರ ಶೆಡ್ಡಿನಲ್ಲಿ ಮೈಲುತುತ್ತದ, ಅಂದರೆ ಕಾಪರ್ ಸಲ್ಫೇಟಿನ ಚೀಲ ಇಟ್ಟಿರುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಡಿಕೆ ಕೊಳೆ ರೋಗಕ್ಕೆ ಹೊಡೆಯುವುದು. ಆ ನೀಲಿ ಹರಳಿನೊಳಗೆ ಪ್ರತಿ ತಾಮ್ರದ ಸುತ್ತ ಹತ್ತಿರದಲ್ಲಿ ನಾಲ್ಕು ನೀರು, ಚೌಕವಾಗಿ. ಮೇಲೆ ಕೆಳಗೆ, ಸ್ವಲ್ಪ ದೂರದಲ್ಲಿ, ಸಲ್ಫೇಟಿನ ಎರಡು ಆಕ್ಸಿಜನ್. ಯಾನ್ ಮತ್ತು ಟೆಲ್ಲರ್ ಹೇಳಿದ ಅದೇ ಸೊಟ್ಟ ಅಷ್ಟಮುಖಿ. ಸಲ್ಫೇಟ್ ಒಂದು ತಾಮ್ರದಿಂದ ಮುಂದಿನ ತಾಮ್ರಕ್ಕೆ ಸೇತುವೆ. ತಾಮ್ರ, ಸಲ್ಫೇಟ್, ತಾಮ್ರ, ಸಲ್ಫೇಟ್, ಹೀಗೆ ಹರಳಿನ ಈ ತುದಿಯಿಂದ ಆ ತುದಿವರೆಗೆ ಲೈನ್. ಐದನೇ ನೀರು ತಾಮ್ರಕ್ಕೆ ಅಂಟದೆ ಸಂದಿಯಲ್ಲಿ ಕೂತಿರುತ್ತದೆ. ಚೆನ್ನಾಗಿ ಕಾಯಿಸಿ ನೀರೆಲ್ಲ ಓಡಿಸಿದರೆ ನೀಲಿಯೂ ಹೋಗಿ ಬಿಳಿ ಪುಡಿ ಉಳಿಯುತ್ತದೆ. ಒಂದು ಹನಿ ನೀರು ಹಾಕಿ, ಮತ್ತೆ ನೀಲಿ.

ಮಾವ ಕೈಯಲ್ಲಿದ್ದ ಟೀ ಫಿಟ್ಟಿಂಗನ್ನು ಎರಡು ಸಲ ತಿರುಗಿಸಿ ನೋಡಿದರು. “ಸುಣ್ಣಕ್ಕೆ ಹಾಕೋ ಮುಂಚೆ ಒಂದು ದೊಡ್ಡ ಹರಳು ಎತ್ತಿಡ್ತೀನಿ ತಡಿ,” ಅಂದರು. ಆಮೇಲೆ ಅಂಗಡಿಯವನ ಕಡೆ ತಿರುಗಿ ಇನ್ನೂ ಆರು ಎಂಡ್ ಕ್ಯಾಪ್ ಕೇಳಿದರು.